ನಮ್ಮ ಓಣಿಯ ನಡುಮಧ್ಯಾಹ್ನದ ಗಸ್ತು

ಮನುಷ್ಯರ ಕೈಗೆ ಕುರ್ಚಿ ಕೊಡಿ, ಮೈಕು ಕೊಡಿ, ಬೇಕಾದರೆ ಕುಡಗೋಲು ಕೊಡಿ; ಸೀಟಿ ಮಾತ್ರ ಕೊಡಬೇಡಿ. ಕುರ್ಚಿ ಸಿಕ್ಕವನು ಒಂದಲ್ಲ ಒಂದು ದಿನ ಏಳಲೇಬೇಕು, ಮೈಕು ಸಿಕ್ಕವನಿಗೆ ಕರೆಂಟು ಕೈಕೊಡುತ್ತದೆ. ಸೀಟಿಗೆ ಇಂಥ ಯಾವ ಕಾಟವೂ ಇಲ್ಲ. ಬಾಯಿಗಿಟ್ಟು ಊದಿದರೆ ಸಾಕು, ಎದುರಿಗಿದ್ದವರು ತಪ್ಪು ಮಾಡಿರಲಿ ಬಿಡಲಿ, ಗಕ್ಕನೆ ನಿಂತುಬಿಡುತ್ತಾರೆ. ನಾನು ಸರಕಾರಿ ಶಾಲೆಯ ಟೀಚರು. ನಮ್ಮಲ್ಲಿ ಆಟದ ಮಾಸ್ತರರ ಜಾಗ ಖಾಲಿ ಬಿದ್ದಂದಿನಿಂದ ಅವರ ಸೀಟಿ ನನ್ನ ಕೊರಳಲ್ಲಿದೆ. ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದುಕೊಂಡು ಹೊರಟಾಗ ವಾಡಿ ಸ್ಟೇಷನ್ನಿನಲ್ಲಿ ಸಾಲು ಮಾಡಿಸಲು ಊದಿದೆ ನೋಡಿ, ಪ್ಲಾಟ್‌ಫಾರಮ್ಮಿನ ಮೇಲೆ ಬಾಳೆಹಣ್ಣು ತಿನ್ನುತ್ತಿದ್ದ ಒಬ್ಬ ಪುಣ್ಯಾತ್ಮ ಗಾಡಿ ಬಿಟ್ಟಿತೆಂದು ಓಡಿಹೋಗಿ, ಕೈಗೆ ಸಿಕ್ಕ ಗಾಡಿ ಹತ್ತಿಬಿಟ್ಟ. ಆತ ಎಲ್ಲಿ ಇಳಿದನೋ ಇಂದಿಗೂ ಗೊತ್ತಿಲ್ಲ. ಅವತ್ತೇ ನಾನು ಬುದ್ಧಿ ಕಲಿಯಬೇಕಿತ್ತು. ಈ ಬೇಸಿಗೆ ರಜೆಯಲ್ಲಿ ಆ ಸೀಟಿಯನ್ನು ಕಪಾಟಿನಲ್ಲಿಟ್ಟು ಬೀಗ ಜಡಿದಿದ್ದರೆ ನನ್ನ ಮಗಳ ಲಗ್ನದ ಮಾತು ಅದರ ತುದಿಗೆ ಜೋತಾಡುವ ಪ್ರಸಂಗ ಬರುತ್ತಿರಲಿಲ್ಲ.

ನಾವಿರುವುದು ಶಹಾಬಾದಿನ ಬೇವಿನಗಿಡದ ಓಣಿಯಲ್ಲಿ. ನಮ್ಮೂರಲ್ಲಿ ನೆಲ ಕಲ್ಲು, ಗೋಡೆ ಕಲ್ಲು, ಮಾಳಿಗೆ ಕಲ್ಲು, ಕಟ್ಟೆ ಕಲ್ಲು. ಹೊರಗಿನವರು ನಮ್ಮ ಮನಸ್ಸೂ ಕಲ್ಲು ಅನ್ನುತ್ತಾರೆ. ಅವರು ಏಪ್ರಿಲ್ ತಿಂಗಳಲ್ಲಿ ಇಲ್ಲಿ ಒಂದು ವಾರ ಇದ್ದು ಆಮೇಲೆ ಮಾತಾಡಲಿ. ಮಧ್ಯಾಹ್ನ ಊಟವಾದ ಮೇಲೆ ನೆಲಕ್ಕೆ ನೀರು ಚಿಮುಕಿಸಿ, ಆ ಒದ್ದೆ ಕಲ್ಲಿಗೆ ಬೆನ್ನು ಹಚ್ಚಿದರೆ ಸ್ವರ್ಗ ಅದೇ. ಊರಿಗೆ ಊರೇ ಬಾಗಿಲು ಮುಂದೆ ಮಾಡಿ ಮಲಗಿಬಿಡುತ್ತದೆ. ರಾತ್ರಿಯೋ, ಸೆಕೆಗೆ ಒಬ್ಬರಿಗೂ ನಿದ್ದೆಯಿಲ್ಲ. ಎಲ್ಲರೂ ಮಾಳಿಗೆಯ ಮೇಲೆ ಎದ್ದು ಕೂತು ಇನ್ನೊಬ್ಬರ ಮನೆಯ ಸುದ್ದಿ ಮಾತಾಡುತ್ತಿರುತ್ತಾರೆ. ಹೀಗಾಗಿ ನಮ್ಮ ಕಡೆ ಕಳ್ಳರಿಗೆ ಕತ್ತಲಿನ ಹಂಗಿಲ್ಲ. ಬೇರೆ ಊರಿನ ಕಳ್ಳರು ರಾತ್ರಿ ಪಾಳಿ ಮಾಡಿದರೆ ನಮ್ಮವರು ಮಧ್ಯಾಹ್ನದ ಪಾಳಿ ಮಾಡುತ್ತಾರೆ.

ಕಳವು ಮೊದಲು ಆದದ್ದು ನಮ್ಮ ಓಣಿಯಲ್ಲಲ್ಲ, ಹಿಂದಿನ ಟಾಕಿ ಓಣಿಯಲ್ಲಿ. ಅಲ್ಲೊಂದು ನೀರಿನ ಟಾಕಿ ಇದೆ, ಅಷ್ಟಕ್ಕೇ ಆ ಓಣಿಯವರಿಗೆ ನೆಲದ ಮೇಲೆ ಕಾಲು ನಿಲ್ಲುವುದಿಲ್ಲ. ಒಂದು ಮಧ್ಯಾಹ್ನ ಅಲ್ಲಿ ಯಾರದೋ ಅಡುಗೆಮನೆಯಿಂದ ಕುಕ್ಕರು ಹೋಯಿತು, ಒಳಗಿದ್ದ ತೊಗರಿಬೇಳೆ ಸಮೇತ. ಆ ಮನೆಯಾಕೆಗೆ ಕುಕ್ಕರಿಗಿಂತ ಬೇಳೆಯ ಸಂಕಟವೇ ದೊಡ್ಡದು. "ಇನ್ನಾ ಒಗ್ಗರಣಿ ಕೊಟ್ಟಿದ್ದಿಲ್ಲವ್ವಾ, ಆ ಭಾಡ್ಯಾ ಹಂಗೇ ಒಯ್ದಾನ," ಎಂದು ಸಿಕ್ಕವರ ಮುಂದೆಲ್ಲ ಹೇಳಿಕೊಂಡು ಅತ್ತಳು. ಮರುದಿನದಿಂದಲೇ ಟಾಕಿ ಓಣಿಯವರು ಕಾವಲು ಪಡೆ ಕಟ್ಟಿದರು, ಬೋರ್ಡು ಹಾಕಿದರು, ಎದೆ ಮುಂದೆ ಮಾಡಿ ನಡೆಯತೊಡಗಿದರು. ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದಾಗ ಅವರಲ್ಲೊಬ್ಬಳು ಬೇಕೆಂದೇ ಜೋರಾಗಿ ಅಂದಳು: "ಬೇವಿನಗಿಡದ ಓಣಿಗಿ ಕಳ್ಳರು ಯಾಕ ಹೋಗ್ತಾರ ಬಿಡ್ರಿ! ಹೋದ್ರ ಅವರೇ ಏನರ ಇಟ್ಟು ಬರಬೇಕಾಗ್ತದ."

ಹೇಳಿ, ಇಂಥ ಮಾತು ಕೇಳಿ ಯಾರು ಸುಮ್ಮನಿರುತ್ತಾರೆ? ಆದರೂ ನಾನು ಸುಮ್ಮನಿರುತ್ತಿದ್ದೆನೋ ಏನೋ. ನಾನು ಸುಮ್ಮನಿರದಂತೆ ಮಾಡಿದ್ದು ಮಗಳ ಲಗ್ನ. ನಮ್ಮ ಅಂಬಿಕಾ ಚಿತ್ತಾಪುರದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಬಂದ ಗಂಡುಗಳನ್ನೂ ಅವಳು ರಕ್ತ ಪರೀಕ್ಷೆ ಮಾಡಿದಂತೆಯೇ ನೋಡುವುದು. ಒಬ್ಬನಿಗೆ ಮಾತು ಜಾಸ್ತಿ, ಒಬ್ಬನಿಗೆ ಮಾತೇ ಇಲ್ಲ, ಒಬ್ಬ ತನ್ನ ಮೋಟಾರ್‌ಸೈಕಲ್ಲಿನ ಬಗ್ಗೆ ಬಿಟ್ಟು ಬೇರೇನೂ ಹೇಳಲಿಲ್ಲ. ಹೀಗೆ ನೋಡಿ ನೋಡಿ ನಾನು ಬೇಸತ್ತಿರುವಾಗ ಒಂದು ಹೊಸ ಸಂಬಂಧ ಬಂತು. ಹುಡುಗ ಸೇಡಂ ತಾಲೂಕಿನ ಮುಧೋಳದಲ್ಲಿ ದನದ ಡಾಕ್ಟರು. ಮನೆತನ ಚಿಂಚೋಳಿ ಕಡೆಯ ಚಿಮ್ಮನಚೋಡದ್ದು. ಫೋಟೋದಲ್ಲಿ ಆತ ಒಂದು ಎಮ್ಮೆಯ ಪಕ್ಕದಲ್ಲಿ ನಿಂತಿದ್ದ. ಅಂಬಿಕಾ ಬಹಳ ಹೊತ್ತು ನೋಡಿ, "ಎಮ್ಮಿ ಚಂದ ಅದ," ಎಂದು ನಕ್ಕಳು. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಒಪ್ಪಿಗೆ ಅಲ್ಲಿಯವರೆಗೆ ಯಾವ ಗಂಡಿಗೂ ಸಿಕ್ಕಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಅವತ್ತು ಯಜಮಾನರನ್ನು ಒಂದು ಮಾತೂ ಬಯ್ಯಲಿಲ್ಲ. ಅವರು ಹೆದರಿ, ಮೈಯಲ್ಲಿ ಆರಾಮಿಲ್ಲವೇ ಎಂದು ಕೇಳಿದರು.

ನಮ್ಮ ಕಡೆ ಹೆಣ್ಣು ನೋಡಲು ಬರುವ ಮೊದಲು ಮನೆತನ ವಿಚಾರಿಸುವ ಪದ್ಧತಿ ಉಂಟು. ಗಂಡಿನ ಕಡೆಯವರೊಬ್ಬರು ಸುದ್ದಿಯಿಲ್ಲದೆ ಬಂದು, ತಾವು ಯಾರೆಂದು ಹೇಳದೆ, ಆಜುಬಾಜಿನವರನ್ನು ಮಾತಿಗೆಳೆದು ತಿಳಿದುಕೊಂಡು ಹೋಗುತ್ತಾರೆ. ಈಗಿನ ಕಾಲದಲ್ಲಿ ಬಿಸಿಲಲ್ಲಿ ಓಣಿ ಸುತ್ತುವವರು ಯಾರು, ಎಲ್ಲಾ ಫೋನಿನಲ್ಲೇ ಮುಗಿಸುತ್ತಾರೆ ಅಂತ ನಾನು ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ಕೇಳಿದರೂ ಊರವರು ಏನನ್ನಬೇಕು? "ಬೇವಿನಗಿಡದ ಓಣಿಯೇನ್ರಿ? ಭಾಳ ಇಜ್ಜತ್ತಿನ ಓಣಿ, ಗುಬ್ಬಿ ಸಹಿತ ಕೇಳಿ ಒಳಗ ಬರ್ತದ," ಅನ್ನಬೇಕು. ಟಾಕಿ ಓಣಿಯ ಹೆಸರು ಮೇಲಾಗಿ ನಮ್ಮದು ಕೆಳಗಾದರೆ ಆ ಡಾಕ್ಟರ ಮನೆಯವರು ಏನು ತಿಳಿದುಕೊಂಡಾರು! ಹಾಗಾಗಿ ನಾನೇ ಕಾವಲು ಪಡೆ ಕಟ್ಟಿದೆ.

ಮಧ್ಯಾಹ್ನ ಗಂಡಸರು ಒಂದೋ ಸಿಮೆಂಟಿನ ಕೆಲಸಕ್ಕೆ ಹೋಗಿರುತ್ತಾರೆ, ಇಲ್ಲವೇ ಬನಿಯನ್ನಿನಲ್ಲಿ ಬೋರಲು ಬಿದ್ದಿರುತ್ತಾರೆ. ನಮ್ಮ ಯಜಮಾನರು ವಾಡಿಯಲ್ಲಿ ರೈಲ್ವೆ ಕೆಲಸದವರು, ಬರುವುದು ಸಂಜೆಗೆ. ಆದ್ದರಿಂದ ಪಡೆಯಲ್ಲಿ ಎಲ್ಲರೂ ಹೆಂಗಸರೇ. ನಾನು ಮುಖ್ಯಸ್ಥೆ, ಸೀಟಿ ನನ್ನದಲ್ಲವೇ. ಬಲಗೈಗೆ ಪಕ್ಕದ ಮನೆಯ ಗುರುಬಾಯಿ; ಖಾರದಪುಡಿ ಕುಟ್ಟಿ ಮಾರುತ್ತಾಳೆ, ನಾಲಿಗೆಯೂ ಅದೇ ಒರಳಿನದು. ಪ್ರತಿ ಜಗಳಕ್ಕೆ ಮೊದಲು "ನಾ ಖರೇ ಹೇಳಾಕಿ" ಅನ್ನುವುದು ಅವಳ ಮಂಗಳಾಚರಣೆ. ಎಡಗೈಗೆ ಎದುರು ಮನೆಯ ಬಿಲ್ಕೀಸ್ ಆಪಾ. ಕಿಟಕಿಗೆ ಹೊಲಿಗೆ ಮಿಷಿನ್ ಹಾಕಿಕೊಂಡಿದ್ದಾರೆ; ಕಾಲು ಮಿಷಿನ್ನಿನ ಮೇಲೆ, ಕಣ್ಣು ರಸ್ತೆಯ ಮೇಲೆ. ಶಾಲೆಯ ಲಂಗದ ಬಟ್ಟೆ ಉಳಿದದ್ದರಲ್ಲಿ ಎಲ್ಲರಿಗೂ ಅಡ್ಡಪಟ್ಟಿ ಹೊಲಿದುಕೊಟ್ಟರು. ಬೋರ್ಡನ್ನು ಒಂದು ದೊಡ್ಡ ಕಲ್ಲುಹಾಸಿನ ಮೇಲೆ ನಾನೇ ಬಣ್ಣದಲ್ಲಿ ಬರೆದು ಓಣಿಯ ಬಾಯಿಗೆ ನಿಲ್ಲಿಸಿದೆ: "ಈ ಓಣಿ ಕಾವಲಿನಲ್ಲಿದೆ. ಹೊರಗಿನವರು ತಮ್ಮ ಹೆಸರು, ಊರು ಮತ್ತು ಬಂದ ಕೆಲಸವನ್ನು ಜೋರಾಗಿ ಹೇಳಿ ಒಳಗೆ ಬರತಕ್ಕದ್ದು." ಟಾಕಿ ಓಣಿಯ ಬೋರ್ಡಿನಲ್ಲಿ "ಜೋರಾಗಿ" ಇಲ್ಲ. ಅಲ್ಲೇ ನಾವು ಗೆದ್ದೆವು. ಯಜಮಾನರು ಓದಿ, "ಜೋರಾಗಿ ಯಾಕ?" ಅಂದರು. "ನಿಮ್ಮಂಥವರು ಬಾಯಾಗೇ ಮಾತಾಡ್ತಾರಂತ," ಅಂದೆ. ಅವರು "ಹ್ಞೂಂ" ಅಂದರು. ಅವರು ಮದುವೆಯಲ್ಲಿ ಸಪ್ತಪದಿ ತುಳಿಯುವಾಗಲೂ ಅದನ್ನೇ ಅಂದಿದ್ದರು.

ಇನ್ನು ಗಸ್ತಿನ ವೈಭವ ಕೇಳಿ. ಮೊದಲ ದಿನ ಕೊಡೆ ಬಿಚ್ಚಿ, ಪಟ್ಟಿ ತೊಟ್ಟು ಹೊರಟೆವು. ಮೊದಲ ಮನೆಯವರೇ, "ಇಂಥಾ ಬಿಸಲಾಗ ಎಲ್ಲಿ ತಿರಗಾಕತ್ತೀರಿ, ಬರ್ರಿ, ಕುಂದ್ರಿ, ಮಜ್ಜಿಗಿ ಕುಡೀರಿ," ಅಂದರು. ನಮ್ಮ ಕಡೆ ಕರೆದಾಗ ಒಲ್ಲೆ ಅಂದರೆ ಅದು ಜನ್ಮದ ವೈರ. ಮುಂದಿನ ಮನೆಯಲ್ಲಿ ಮಾವಿನಕಾಯಿ ಪಾನಕ. ಅದರಾಚೆ ಬಿಲ್ಕೀಸ್ ಆಪಾರ ಮನೆ, ನೆಲಕ್ಕೆ ಆಗಷ್ಟೇ ನೀರು ಚಿಮುಕಿಸಿದ್ದರು. "ಜರಾ ಬೆನ್ನು ಹಚ್ಚಿ ಹೋಗೋಣು," ಅಂದಳು ಗುರುಬಾಯಿ. ಎಚ್ಚರವಾದಾಗ ಓಣಿಯಲ್ಲಿ ಸಂಜೆಯ ಚಹಾದ ವಾಸನೆ. ಪುಣ್ಯಕ್ಕೆ ಕಳ್ಳರೂ ಅದೇ ಹೊತ್ತಿಗೆ ಎಲ್ಲೋ ಮಲಗಿದ್ದರು ಅಂತ ಕಾಣುತ್ತದೆ.

ಆಮೇಲೆ ಶಿಸ್ತು ಬಂತು. ಚೂರಿ ಸಾಣೆ ಹಿಡಿಯುವವನನ್ನು ಹಿಡಿದೆವು, ಗ್ಯಾಸ್ ತರುವವನನ್ನು ಹಿಡಿದೆವು, ಗುರುಬಾಯಿಯ ಸ್ವಂತ ಅಣ್ಣನನ್ನು ಹಿಡಿದೆವು. ಅವನನ್ನು ಬಿಡುವುದು ಬೇಡವೆಂದು ಗುರುಬಾಯಿಯೇ ಅಂದಳು. ಒಂದು ದಿನ ಟಾಕಿ ಓಣಿಯ ಪಡೆಯೇ ನಮ್ಮ ಗಡಿ ದಾಟಿ ಬಂತು. ನಾನು ಸೀಟಿ ಊದಿದೆ, ಅವರೂ ಊದಿದರು. "ಹೆಸರು, ಊರು, ಕೆಲಸ ಜೋರಾಗಿ ಹೇಳ್ರಿ," ಅಂದೆ. "ನಾವು ಕಾವಲಿನವರು," ಅಂದರು. "ನಾವೂ ಕಾವಲಿನವರೇ," ಅಂದೆವು. ಎರಡೂ ಪಡೆಗಳು ಬಿಸಿಲಲ್ಲಿ ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಂತೆವು. ನಡುವೆ ಒಬ್ಬ ಕಳ್ಳನಿದ್ದಿದ್ದರೆ ಎಷ್ಟು ಚಂದ ಕಾಣುತ್ತಿತ್ತು ಎಂದು ನನಗೆ ಮನಸ್ಸಿನಲ್ಲೇ ಅನಿಸಿತು.

ದೇವರು ಅದನ್ನು ಕೇಳಿಸಿಕೊಂಡ. ಕೆಲವು ದಿನಗಳ ಮೇಲೆ ಬಿಲ್ಕೀಸ್ ಆಪಾ ಚಪ್ಪಲಿಯಿಲ್ಲದೆ, ಕಾದ ಕಲ್ಲಿನ ಮೇಲೆ ಕುಣಿಯುತ್ತ ನಮ್ಮ ಮನೆಗೆ ಓಡಿಬಂದರು. "ಟೀಚರ್, ಒಬ್ಬಾಂವ ಬಂದಾನ. ಧೋತರ, ತಲಿಗಿ ಪಟಗಾ, ಕೈಯಾಗ ಚೀಲ. ಆವಾಗಿಂದ ತಿರಗಾಕತ್ತಾನ. ನನ್ನ ಕಡಿ ಬಂದ, ಗುರುಬಾಯಿ ಕಡಿ ಹೋದ. ಈಗ ನಿಮ್ಮ ಹಿತ್ತಲ ಗ್ವಾಡಿ ಮ್ಯಾಲಿಂದ ಒಳಗ ಇಣಕಾಕತ್ತಾನ!" ನನ್ನ ಎದೆ ಹಿಗ್ಗಿತು. ನಿಜ ಹೇಳುತ್ತೇನೆ, ಹೆದರಿಕೆ ಆಗಲಿಲ್ಲ. ಕಡೆಗೂ ಬಂದನಲ್ಲ ಅಂತ ಹಬ್ಬದ ದಿನದ ಸಡಗರ ಆಯಿತು. ಪಟ್ಟಿ ತೊಟ್ಟು ಹಿತ್ತಲಿಗೆ ಹೋಗಿ, ಅವನ ಕಿವಿಯ ಬುಡಕ್ಕೇ ಸೀಟಿ ಊದಿದೆ. ಪಾಪ, ಪಟಗಾ ಕೆಳಗೆ ಬಿತ್ತು.

ನಾಲ್ಕೂ ಕಡೆಯಿಂದ ಮುತ್ತಿ ಅವನನ್ನು ಬೇವಿನಗಿಡದ ಕಟ್ಟೆಗೆ ತಂದು ಕೂಡಿಸಿದೆವು. ನೆರಳು ಆಗಲೇ ಗಿಡದ ಆಚೆ ಸರಿದಿತ್ತು. ಬಾಗಿಲುಗಳು ತೆರೆದವು, ಓಣಿ ಸೇರಿತು. ವಯಸ್ಸಾದ ಮನುಷ್ಯ, ಮೀಸೆ ಬೆಳ್ಳಗೆ, ಕಣ್ಣಲ್ಲಿ ಗಾಬರಿ. "ಬೋರ್ಡ್ ಓದ್ಲಿಲ್ಲೇನು?" ಅಂದೆ. "ಯಾ ಬೋರ್ಡ್‌ರಿ?" ಅಂದ. ತಿರುಗಿ ನೋಡಿದರೆ ನಮ್ಮ ಬೋರ್ಡು ಅಂಗಾತ ಮಲಗಿದೆ, ಅದರ ಮೇಲೆ ಗುರುಬಾಯಿ ಸಂಡಿಗೆ ಒಣಹಾಕಿದ್ದಾಳೆ. "ಅದರಷ್ಟು ಚಲೋ ಕಾಯೋ ಕಲ್ಲು ಓಣ್ಯಾಗಿಲ್ಲರಿ," ಅಂದಳು. ಇರಲಿ, ಕಾನೂನು ತಿಳಿಯದಿದ್ದರೂ ತಪ್ಪು ತಪ್ಪೇ ಎಂದು ವಿಚಾರಣೆ ಶುರು ಮಾಡಿದೆ.

"ಎದ್ದು ನಿಂದ್ರು. ಕೈ ಕಟ್ಟು. ಹೆಸರು?"

"ಸಿದ್ರಾಮಪ್ಪರಿ."

"ಊರು?"

"ಇಲ್ಲೇರಿ… ಹಿಂಗ ಆಜುಬಾಜು."

"ಆಜುಬಾಜು ಅನ್ನೋ ಊರು ನಕಾಶದಾಗ ಎಲ್ಲಿ ಅದ ತೋರಸು. ಬಂದ ಕೆಲಸ?"

"ಪರ್ಸಿ ನೋಡಾಕ ಬಂದಿದ್ದೆರಿ, ಮನಿಗಿ ಹಾಕಸಬೇಕಂತ."

ನಮ್ಮೂರಿಗೆ ಬಂದವರೆಲ್ಲ ಹೇಳುವ ಮಾತೇ ಅದು, ಹಾಸುಗಲ್ಲು ಕೊಳ್ಳಲು ಬಂದೆ ಅಂತ. "ಪರ್ಸಿ ಖಣಿ ಕಡಿ ಇರ್ತಾವ, ನನ್ನ ಹಿತ್ತಲದಾಗಲ್ಲ. ಎಷ್ಟು ದಪ್ಪಂದು ಬೇಕು?" ಅಂದೆ. ಆತ ಎರಡೂ ಅಂಗೈ ಅಗಲಿಸಿ ಇಷ್ಟು ಅಂತ ತೋರಿಸಿದ. "ಅಷ್ಟು ದಪ್ಪಂದು ಹಾಸಿದ್ರ ಮನಿ ಭೂಮ್ಯಾಗ ಇಳೀತದ," ಎಂದು ಗುರುಬಾಯಿ ನಕ್ಕಳು. ಸುಳ್ಳು ಸಿಕ್ಕಿಬಿತ್ತು. ಚೀಲ ಬಿಚ್ಚಿಸಿದೆ. ಒಳಗೆ ಒಂದು ಹೊಸ ಕುಪ್ಪಸದ ಖಣ, ತೆಂಗಿನಕಾಯಿ, ಕುಂಕುಮದ ಪೊಟ್ಟಣ, ಸಕ್ಕರೆ. "ಯಾರ ಮನಿ ದೇವರ ಜಗಲಿ ಬಳಕೊಂಡ ಬಂದಿ?" ಎಂದು ಗದರಿದೆ. ಆತ ಚೀಲವನ್ನು ಎದೆಗವಚಿಕೊಂಡು, "ಅದೊಂದು ಮುಟ್ಟಬ್ಯಾಡ್ರಿ ತಾಯಿ, ಶುಭದ ಸಾಮಾನ ಅದ," ಅಂದ. ಬಿಲ್ಕೀಸ್ ಆಪಾ ನನ್ನ ತೋಳು ಚಿವುಟಿದರು. ಹುರುಪು ತುಂಬುತ್ತಿದ್ದಾರೆ ಅಂದುಕೊಂಡು ನಾನು ದನಿ ಇನ್ನೂ ಏರಿಸಿದೆ.

ಶಾಲೆಯಲ್ಲಿ ಮಕ್ಕಳು ಬಾಯಿ ಬಿಡದಿದ್ದರೆ ಅಕ್ಕಪಕ್ಕದವರನ್ನು ಕೇಳುವುದು ನನ್ನ ಕ್ರಮ. "ಗುರುಬಾಯಿ, ನಿನಗ ಏನ್ ಕೇಳ್ದ? ಎಲ್ಲಾರ ಮುಂದ ಹೇಳು."

ಗುರುಬಾಯಿ ಸೆರಗು ಸೊಂಟಕ್ಕೆ ಸಿಗಿಸಿದಳು. "ನಿಮ್ಮ ಮನೀದೇ ಕೇಳ್ದ್ರು. ಗಂಡಾ-ಹೆಣ್ತಿ ಹೆಂಗದಾರ, ಜಗಳಾಡ್ತಾರೇನು ಅಂತ."

"ನೀ ಏನಂದಿ?"

"ನಾ ಖರೇ ಹೇಳಾಕಿ. ಜಗಳ ಇಲ್ರಿ, ಜಗಳಕ್ಕ ಇಬ್ಬರು ಬಾಯಿ ತಗೀಬೇಕಾಗ್ತದ, ಆ ಮನ್ಯಾಗ ಒಬ್ಬರೇ ತಗೀತಾರ, ಅಂದೆ. ಟೀಚರ್‌ಗ ಸಿಟ್ಟು ಬರ್ತದೇನು ಅಂದ್ರು. ಬರೂದಿಲ್ರಿ, ಯಾವಾಗ್ಲೂ ಇರ್ತದ, ಅಂದೆ."

ಜನ ಕೆಮ್ಮತೊಡಗಿದರು. ನಮ್ಮ ಓಣಿಯವರು ನಗೆ ಬಂದಾಗ ಸಭ್ಯರಾಗಿ ಕೆಮ್ಮುತ್ತಾರೆ. ನಾನು ಆಪಾರ ಕಡೆ ತಿರುಗಿದೆ. ಅವರು ಹೇಳಲೋ ಬೇಡವೋ ಎಂದು ಪಟ್ಟಿಯ ಅಂಚು ತಿರುವುತ್ತಿದ್ದರು. "ಮಗಳು ಹೆಂಗ ಅಂತ ಕೇಳ್ದ್ರು. ಸೋನಾ ಅದಾಳ್ರಿ ಸೋನಾ, ಅಂದೆ. ತಂದಿ ಹೆಂಗ ಅಂದ್ರು. ಅಲ್ಲಾ ಮಿಯಾ ಕೀ ಗಾಯ್, ಆಕಳಂಥ ಮನಶ್ಯಾ, ಅಂದೆ. ಆಮ್ಯಾಲ ತಾಯಿ ಹೆಂಗ ಅಂದ್ರು."

"ಹ್ಞಾಂ, ಅದಕ್ಕೇನಂದ್ರಿ?"

"ಏನೂ ಅನ್ಲಿಲ್ಲ ಟೀಚರ್. ಮಿಷಿನ್ ಜೋರಾಗಿ ತುಳದೆ." ಆಪಾ ನೆಲ ನೋಡಿದರು. "ಭಾಳ ಹೊತ್ತು ತುಳದೆ."

ಈಗ ಕೈಕಟ್ಟಿ ನಿಂತ ಸಿದ್ರಾಮಪ್ಪನೂ ಮೀಸೆಯೊಳಗೆ ಕೆಮ್ಮಿದ. ನನಗೆ ತಲೆ ಕೆಟ್ಟಿತು. "ಇಂವ ಸಾದಾ ಕಳ್ಳ ಅಲ್ಲ! ಮನಿ ಒಳಗಿನ ಸುದ್ದೀನೇ ತಗೊಳ್ಳಾಕತ್ತಾನ! ಬಂಗಾರ ಎಲ್ಲಿ ಇಡ್ತಾರಂತ ಕೇಳ್ದನೇನು?"

"ಇಲ್ರಿ," ಅಂದಳು ಗುರುಬಾಯಿ, "ಮಗಳಿಗಿ ರೊಟ್ಟಿ ಬಡಿಯಾಕ ಬರ್ತದೇನು ಅಂತ ಕೇಳ್ದ್ರು."

"ಕಳ್ಳಗ ನನ್ನ ಮಗಳ ರೊಟ್ಟಿ ಉಸಾಬರಿ ಎದಕ್ಕ?" ಎಂದು ಗುಡುಗಿದೆ. ಗುಡುಗಿದ ಮಾತು ಬೇವಿನಗಿಡಕ್ಕೆ ಹೋಗಿ ತಗುಲಿ ವಾಪಸು ನನ್ನ ಕಿವಿಗೇ ಬಂತು. ಹೌದಲ್ಲ, ಎದಕ್ಕ? ಖಣ, ತೆಂಗಿನಕಾಯಿ, ಕುಂಕುಮ, ಸಕ್ಕರೆ… ಅಡ್ಡಪಟ್ಟಿಯನ್ನು ಮೆಲ್ಲಗೆ ಬಿಚ್ಚಿ ಸೆರಗಿನೊಳಗೆ ಮುಚ್ಚಿಟ್ಟೆ.

ಅಷ್ಟರಲ್ಲಿ ಓಣಿಯ ಬಾಯಿಯಿಂದ ಅಂಬಿಕಾ ಓಡುತ್ತ ಬಂದಳು. ಅರ್ಧ ದಿನ ರಜೆ ಹಾಕಿ ಚಿತ್ತಾಪುರದಿಂದ ಬಂದಿದ್ದಳು, ಮುಖವೆಲ್ಲ ಬೆವರು. "ಅವ್ವಾ! ಮಾಮಾರಿಗಿ ಬಿಸಲಾಗ ಎದಕ್ಕ ನಿಂದರಸಿ?"

"ಯಾವ ಮಾಮಾ?" ಅಂದೆ. ಗೊತ್ತಿದ್ದೂ ಕೇಳಿದೆ. ಮುಳುಗುವವರು ಹುಲ್ಲುಕಡ್ಡಿ ಹಿಡಿಯುವುದಿಲ್ಲವೇ, ಹಾಗೆ.

"ಚಿಮ್ಮನಚೋಡದ ಸಿದ್ರಾಮಪ್ಪ ಮಾಮಾ. ಡಾಕ್ಟರ ಸೋದರಮಾವ. ಇವತ್ತ ಬರ್ತಾರಂತ ಹೇಳಿದ್ರು…" ಅಲ್ಲಿಗೆ ನಾಲಿಗೆ ಕಚ್ಚಿಕೊಂಡಳು.

"ಯಾರು ಹೇಳಿದ್ರು?"

"ಡಾಕ್ಟರು. ಫೋನಿನಾಗ."

"ಯಾವಾಗಿಂದ ನಡದದ ಈ ಫೋನು?"

"ಟೀಚರ್," ಎಂದು ಗುರುಬಾಯಿ ನನ್ನ ಸೆರಗು ಜಗ್ಗಿದಳು, "ಒಂದ್ ವಿಚಾರಣಿ ಮುಗೀಲಿ, ಆಮ್ಯಾಲ ಇನ್ನೊಂದು."

ನಾನು ಇಡೀ ಓಣಿಯ ಹಿತ್ತಲು, ಗೋಡೆ, ಕಿಟಕಿ ಎಲ್ಲ ಕಾದವಳು. ನನ್ನ ಮನೆಯ ಒಳಕೋಣೆಯಲ್ಲಿ ಮುಧೋಳದ ದನದ ಡಾಕ್ಟರು ಫೋನಿನೊಳಗಿಂದ ದಿನಾ ಬಂದು ಹೋಗುತ್ತಿದ್ದುದು ನನಗೆ ಗೊತ್ತೇ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಗೆ ಎಷ್ಟು ಸಲ ಅರ್ಥ ಬರೆಸಿದ್ದೇನೋ! ಆ ಗಾಬರಿಯಲ್ಲಿ ಸೀಟಿಯನ್ನು ಮತ್ತೆ ಬಾಯಿಗಿಟ್ಟುಕೊಂಡಿದ್ದೆ. ದೊಡ್ಡದೊಂದು ನಿಟ್ಟುಸಿರು ಬಿಟ್ಟೆ. ಅದು ಕೀಂವ್ ಅಂದಿತು. ಆಗಷ್ಟೇ ಕಟ್ಟೆಗೆ ಕೂತಿದ್ದ ಸಿದ್ರಾಮಪ್ಪನವರು ಗಡಬಡಿಸಿ ಎದ್ದು ಮತ್ತೆ ಕೈಕಟ್ಟಿದರು.

ಆಮೇಲೆ ನಾನು ಏನೇನು ಮಾಡಿದೆ ಅಂತ ಕೇಳಬೇಡಿ. ಒಳಗೆ ಕರೆದೆ, ಕಾಲಿಗೆ ನೀರು ಕೊಟ್ಟೆ, ಒದ್ದೆ ಕಲ್ಲಿನ ಮೇಲೆ ಚಾಪೆ ಹಾಸಿದೆ, ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೇಲೆ ಆ ಸಂಡಿಗೆಯನ್ನೂ ಕರಿದು ಬಡಿಸಿದೆ. ಹಿತ್ತಲಲ್ಲಿ ಸೀಟಿ ಊದಿದಾಗಿನಿಂದ ಹಿಡಿದು ಆವರೆಗೆ "ನೀ" ಅಂದದ್ದಕ್ಕೆಲ್ಲ ಬಡ್ಡಿ ಸೇರಿಸಿ ಪ್ರತಿ ಮಾತಿಗೂ "ರಿ" ಹಚ್ಚಿದೆ. ಅವರು ತಲೆ ತಗ್ಗಿಸಿ ಉಂಡರು. "ಚಲೋ ಆತ್ರಿ, ಬರ್ತೀನ್ರಿ," ಅಂದರು. ಚೀಲ ಬಿಚ್ಚಲಿಲ್ಲ. ಮನಸ್ಸಿಗೆ ಬಂದಿದ್ದರೆ ಅವರು ಹುಡುಗಿಯ ಕೈಗೆ ಸಕ್ಕರೆ ಹಾಕಿ ಹೋಗಬೇಕು, ಅದು ಪದ್ಧತಿ. ಆ ಚೀಲ ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಂಬಿಕಾ ಬಾಗಿಲ ಚೌಕಟ್ಟು ಹಿಡಿದು ನೋಡುತ್ತ ನಿಂತಿದ್ದಳು.

ಅವಳು ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ನಾನೂ ತಿರುಗಿ ಬಯ್ದು ಹಗುರಾಗುತ್ತಿದ್ದೆ. ಸುಮ್ಮನೆ ಕೆಲಸಕ್ಕೆ ಹೋದಳು, ಬಂದಳು, ಅರ್ಧ ರೊಟ್ಟಿ ತಿಂದು ಎದ್ದಳು. ಫೋನು ಬಡಿದುಕೊಂಡರೂ ತೆಗೆಯಲಿಲ್ಲ. ಯಜಮಾನರು ವಿಷಯವೆಲ್ಲ ಕೇಳಿ "ಹ್ಞೂಂ" ಅಂದರು. ಅವರ ಎಲ್ಲ ಹ್ಞೂಂಗಳ ಅರ್ಥ ಬಲ್ಲ ನನಗೆ ಈ ಹ್ಞೂಂ ಹೊಸದಾಗಿತ್ತು, ಕೇಳಲಾಗಲಿಲ್ಲ. ನಾನು ಬಚ್ಚಲಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟು ಅತ್ತೆ. ಎಷ್ಟೋ ಗಂಡು ಬೇಡವೆಂದ ಹುಡುಗಿ ಒಂದು ಗಂಡಿನ ಫೋಟೋ ನೋಡಿ ನಕ್ಕಿದ್ದಳು. ಆ ನಗುವನ್ನು ನಾನು ಬೇವಿನಗಿಡದ ಕೆಳಗೆ ಕೈಕಟ್ಟಿಸಿ ನಿಲ್ಲಿಸಿದೆ. ಊರಿಗೆ ಉಪಕಾರಿ ಮನೆಗೆ ಮಾರಿ ಅನ್ನುತ್ತಾರೆ. ನಾನು ಊರಿಗೂ ಉಪಕಾರಿಯಾಗಲಿಲ್ಲ. ಸೀಟಿಯನ್ನು ಕಪಾಟಿಗೆ ಹಾಕಿದೆ. ಟಾಕಿ ಓಣಿಯವರು "ಅವರು ಬೀಗರನ್ನೇ ಹಿಡದಾರಂತ" ಎಂದು ಸಂತೆಯಲ್ಲಿ ನಗುತ್ತಿದ್ದರು. ಗುರುಬಾಯಿ ಮಾತ್ರ ಸೋಲಲಿಲ್ಲ. "ನಾವು ಬೀಗರನ್ನರ ಹಿಡದೇವಿ, ನಿಮಗ ಒಂದ್ ಕುಕ್ಕರ್ ಹಿಡಿಯಾಕ ಆಗ್ಲಿಲ್ಲ," ಎಂದು ಬದನೆಕಾಯಿ ರಾಶಿಯ ಮುಂದೆ ನಿಂತು ಓಣಿಯ ಮಾನ ಕಾಪಾಡಿದಳಂತೆ.

ಹೀಗೇ ಒಂದು ಮಧ್ಯಾಹ್ನ, ಓಣಿ ಮಲಗಿತ್ತು. ಅಂಬಿಕಾಳಿಗೆ ಅವತ್ತು ವಾರದ ರಜೆ, ಅಡುಗೆಮನೆಯಲ್ಲಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸುತ್ತಿದ್ದಳು. ಓಣಿಯ ಬಾಯಿಂದ ದೊಡ್ಡ ದನಿಯೊಂದು ಕೇಳಿತು.

"ನನ್ನ ಹೆಸರು ಸಿದ್ರಾಮಪ್ಪ! ಊರು ಚಿಮ್ಮನಚೋಡ! ಬಂದ ಕೆಲಸ ಹೆಣ್ಣು ಕೇಳೂದು! ಒಳಗ ಬರ್ಲೇನ್ರಿ?"

ಬಾಗಿಲುಗಳು ಪಟಪಟ ತೆರೆದವು. ಸಂಡಿಗೆ ಮುಗಿದಿತ್ತಲ್ಲ, ಬೋರ್ಡು ಎದ್ದು ನಿಂತಿತ್ತು. ಅದರ ಪಕ್ಕದಲ್ಲಿ ಸಿದ್ರಾಮಪ್ಪನವರು, ಚೀಲ ಕಂಕುಳಲ್ಲಿ, ಅಪ್ಪಣೆಗೆ ಕಾಯುತ್ತ. ಗುಟ್ಟಾಗಿ ನಡೆಯಬೇಕಾದ ಮಾತು ಇಡೀ ಓಣಿಗೆ ಡಂಗುರವಾಯಿತು. ಒಳಗೆ ಪಾತ್ರೆಯ ಸದ್ದು ಗಪ್ಪನೆ ನಿಂತಿತು. ನಾನು ಬರಿಗಾಲಲ್ಲಿ ಓಡಿದೆ. ಕಲ್ಲು ಕಾದಿದೆ ಅಂತ ವಾಪಸು ಬಂದಮೇಲೆ ಗೊತ್ತಾಯಿತು.

ಗುರುಬಾಯಿ, ಬಿಲ್ಕೀಸ್ ಆಪಾ ಕರೆಯದೆಯೇ ಬಂದು ಗೋಡೆಗೊರಗಿ ಕೂತರು. ಸಿದ್ರಾಮಪ್ಪನವರು ಅಂಬಿಕಾಳನ್ನು ಕರೆದು, ಏನೂ ಹೇಳದೆ ಕೈತುಂಬ ಸಕ್ಕರೆ ಹಾಕಿದರು. ಅವಳು ಅದನ್ನು ಬಾಯಿಗೆ ಹಾಕಿಕೊಳ್ಳುವುದನ್ನೂ ಮರೆತು ನನ್ನತ್ತ ನೋಡಿದಳು. ನನ್ನ ಕಣ್ಣು ತುಂಬಿತು. "ನಾ ಹಂಗ ಮಾಡಿದ್ದಕ್ಕ ಸಿಟ್ಟಿಲ್ಲೇನ್ರಿ ಅಣ್ಣಾರ?" ಅಂದೆ.

"ಮೊದಲ ಇತ್ತರಿ," ಅಂದರು ಅವರು. "ಮನಿಗಿ ಹೋಗಿ ವಿಚಾರ ಮಾಡ್ದೆ. ನಾ ಭಾಳ ಮನಿತನ ವಿಚಾರಿಸೀನಿ. ಎಲ್ಲಾ ಕಡಿ ಜನ ಮುಂದ ಒಂದ್ ಹೇಳ್ತಾರ, ಹಿಂದ ಒಂದ್ ಹೇಳ್ತಾರ. ನಿಮ್ಮ ಓಣ್ಯಾಗ ಹಿಂದ ಹೇಳಿದ್ದನ್ನೇ ನಿಮ್ಮ ಮಾರಿ ನೋಡಿ ಹೇಳಿದ್ರು. ಇಂಥಾ ಓಣಿ ನಾ ಎಲ್ಲೂ ನೋಡಿಲ್ರಿ."

ನನ್ನ ಎದೆ ಉಬ್ಬಿತು. ಟಾಕಿ ಓಣಿಯವರು ಈ ಮಾತು ಕೇಳಬೇಕಿತ್ತು. ಬೋರ್ಡು, ಪಟ್ಟಿ, ಸೀಟಿಯಿಂದ ಬಾರದ ಹೆಸರು ಗುರುಬಾಯಿಯ ನಾಲಿಗೆಯಿಂದ ಬಂತು. ಅವಳು ಗೋಡೆಗೊರಗಿಯೇ, "ನಾ ಮೊದಲೇ ಹೇಳಿಲ್ಲೇನ್ರಿ, ನಾ ಖರೇ ಹೇಳಾಕಿ ಅಂತ," ಅಂದಳು.

"ಹುಡುಗಿ ಪಸಂದ. ತಂದಿ ಮ್ಯಾಲ ಹೋಗ್ಯಾಳ," ಎಂದು ಸಿದ್ರಾಮಪ್ಪನವರು ಮುಂದುವರಿಸಿದರು.

"ಮತ್ತ… ನನ್ನ ಸುದ್ದಿ?" ಎಂದು ಕೇಳಿದೆ. ಕೇಳಬಾರದಿತ್ತು.

ಅವರು ಮೀಸೆ ನೇವರಿಸಿದರು. "ನಿಮ್ಮ ಸುದ್ದಿನೂ ಮಾತಾಡಿದೇವ್ರಿ. ನಮ್ಮ ಮನಿಗಿ ಬರಾಕಿ ಹುಡುಗಿ, ಆಕಿ ಅವ್ವ ಅಲ್ಲ. ಹಂಗಾಗಿ ಅಡ್ಡಿ ಇಲ್ಲ ಅಂದ್ರು ಎಲ್ಲಾರೂ."

ಮನೆಯೆಲ್ಲ ಒಟ್ಟಿಗೆ ಕೆಮ್ಮಿತು. ಆಗಲಿ, ಮಗಳ ಲಗ್ನ ಆಗುವುದಾದರೆ ಇದನ್ನೂ ನುಂಗಬಲ್ಲೆ ಎಂದು ಚಹಾ ತಂದಿಟ್ಟೆ. ಅವರು ಕಪ್ಪಿನಿಂದ ಬಸಿಗೆ ಚಹಾ ಸುರಿದುಕೊಳ್ಳುತ್ತ, ಏನೋ ನೆನಪಾದವರಂತೆ ಕೇಳಿದರು: "ಅಂದಂಗ ಟೀಚರ್‌ಬಾಯಾರ, ಆ ನಿಮ್ಮ ಸೀಟಿ ಎಲ್ಲಿ ಸಿಗ್ತದ್ರಿ? ನಮ್ಮ ತಂಗಿ, ಅಂದ್ರ ಹುಡುಗನ ತಾಯಿ, ನಿಮ್ಮ ಸುದ್ದಿ ಕೇಳಿ ಭಾಳ ಖುಷಿ ಆಗ್ಯಾಳ. ತನಗೂ ಅಂಥಾದ್ದೊಂದು ಬೇಕು ಅನ್ನಾಕತ್ತಾಳ."

ನನ್ನ ಕೈಯಲ್ಲಿದ್ದ ತಟ್ಟೆ ಅಲ್ಲೇ ನಿಂತಿತು. ಫೋಟೋದಲ್ಲಿ ಹುಡುಗನನ್ನು ನೋಡಿದ್ದೆವು, ಎಮ್ಮೆಯನ್ನು ನೋಡಿದ್ದೆವು. ಚಿಮ್ಮನಚೋಡಕ್ಕೆ ಹೋಗಿ ಅವರ ಆಜುಬಾಜಿನವರನ್ನು ಒಂದು ಮಾತು ಕೇಳಬೇಕೆಂದು ಓಣಿ ಕಾಯುವ ಈ ಮಹಾತಾಯಿಗೆ ಹೊಳೆದೇ ಇರಲಿಲ್ಲ. ಮೆಲ್ಲಗೆ, ನನಗೇ ಕೇಳದ ಹಾಗೆ, ಅಂದೆ: "ಅಣ್ಣಾರ, ಹುಡುಗನ ತಾಯಿ… ಹೆಂಗದಾರ್ರೀ?"

ಸಿದ್ರಾಮಪ್ಪನವರು ನನ್ನನ್ನು ನೋಡಿದರು, ಬಾಗಿಲು ನೋಡಿದರು, ಬಿಲ್ಕೀಸ್ ಆಪಾರನ್ನು ನೋಡಿದರು. ಹತ್ತಿರದಲ್ಲಿ ಹೊಲಿಗೆ ಮಿಷಿನ್ ಇರಲಿಲ್ಲ. ಬಸಿಯನ್ನು ಎರಡೂ ಕೈಯಲ್ಲಿ ಎತ್ತಿ, ಸುರ್ರ್ ಎಂದು ಜೋರಾಗಿ ಚಹಾ ಕುಡಿಯತೊಡಗಿದರು. ಭಾಳ ಹೊತ್ತು ಕುಡಿದರು.

ಅಡುಗೆಮನೆಯಿಂದ ಅಂಬಿಕಾಳ ನಗು ಕೇಳಿತು. ಆ ಫೋಟೋ ನೋಡಿದ ದಿನದ ನಗುವೇ. "ಫಿಕರ್ ಮಾಡಬ್ಯಾಡವ್ವಾ," ಅಂದಳು, "ನನಗ ಹುಟ್ಟಿದಾಗಿಂದ ರೂಢಿ ಅದ."